ಚೀನೀ ಮುದ್ರೆ ಕೆತ್ತನೆ: ಒಂದು ತತ್ತ್ವವಾಕ್ಯವನ್ನು ಕಲ್ಲಿಗೆ ಇಳಿಸುವ ಬಗೆ

ಚೀನಾದ ಹಳೆಯ ಚಿತ್ರಸುರುಳಿಗಳ ಮೇಲಿನ ಕೆಂಪು ಮುದ್ರೆಗಳೆಲ್ಲ ಕಲಾವಿದನ ಅಥವಾ ಸಂಗ್ರಾಹಕನ ಹೆಸರನ್ನಷ್ಟೇ ಹೇಳುತ್ತವೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಹೆಸರಿನ ಮುದ್ರೆಗಳು ಇರುವುದು ನಿಜ. ಆದರೆ ಅವುಗಳ ಜೊತೆಯಲ್ಲೇ ಲಾವೋತ್ಸೆಯ ಒಂದು ಸೂತ್ರವನ್ನೋ, ಕನ್‌ಫ್ಯೂಷಿಯಸ್‌ನ ಒಂದು ಮಾತನ್ನೋ, ಬೌದ್ಧ ಧರ್ಮದ ಒಂದು ನುಡಿಯನ್ನೋ ಎರಡು ಅಥವಾ ನಾಲ್ಕು ಅಕ್ಷರಗಳಲ್ಲಿ ಹೊತ್ತ ಮುದ್ರೆಗಳೂ ಕಾಣಸಿಗುತ್ತವೆ. ಇವುಗಳನ್ನು ‘ಶ್ಯೆನ್‌ಝಾಂಗ್’, ಅಂದರೆ ಬಿಡುವಿನ ಮುದ್ರೆಗಳು ಎನ್ನುತ್ತಾರೆ. ಅಂಥ ಒಂದು ಮುದ್ರೆಯನ್ನು ಮಾತಿನ ಆಯ್ಕೆಯಿಂದ ಹಿಡಿದು ಕಾಗದದ ಮೇಲೆ ಒತ್ತುವವರೆಗೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಚೀನೀ ಭಾಷೆ ಬಾರದವರೂ ಇದನ್ನು ಕಲಿಯಬಹುದು. ಆದರೆ ತಾವು ಕೆತ್ತುವ ನಾಲ್ಕು ಅಕ್ಷರಗಳ ಅರ್ಥವನ್ನೂ ರೂಪವನ್ನೂ ಪೂರ್ತಿಯಾಗಿ ತಿಳಿಯದೆ ಚಾಣ ಹಿಡಿಯಬಾರದು.

ಮುದ್ರೆಯಲ್ಲಿ ತತ್ತ್ವ ಸೇರಿದ ಬಗೆ

ಮುದ್ರೆಯು ಚೀನಾದಲ್ಲಿ ಮೊದಲು ಅಧಿಕಾರದ ವಸ್ತುವಾಗಿತ್ತು, ಮತ್ತು ಅಧಿಕಾರಕ್ಕೆ ಅಲ್ಲಿ ದೈವದ ಆಧಾರ ಬೇಕಾಗಿತ್ತು. ಕ್ರಿ.ಪೂ. 221ರಲ್ಲಿ ದೇಶವನ್ನು ಒಂದುಗೂಡಿಸಿದ ಚಿನ್ ಚಕ್ರವರ್ತಿಯ ಜೇಡ್ ಮುದ್ರೆಯ ಮೇಲೆ ‘ಆಕಾಶದ ಆದೇಶವನ್ನು ಪಡೆದವನು, ದೀರ್ಘಾಯುವಾಗಿ ಎಂದೆಂದಿಗೂ ಏಳಿಗೆ ಹೊಂದಲಿ’ ಎಂಬರ್ಥದ ಎಂಟು ಅಕ್ಷರಗಳಿದ್ದವೆಂದು ಪರಂಪರೆ ಹೇಳುತ್ತದೆ. ಹಾನ್ ವಂಶದ ವೂ ಚಕ್ರವರ್ತಿಯ ಕಾಲದಲ್ಲಿ, ಕ್ರಿ.ಪೂ. 104ರ ಸುಧಾರಣೆಯೊಂದಿಗೆ, ರಾಜವಂಶದ ಮೂಲಗುಣ ಪಂಚತತ್ತ್ವಗಳಲ್ಲಿ ಒಂದಾದ ಮಣ್ಣು ಎಂದು ತೀರ್ಮಾನವಾಯಿತು. ಮಣ್ಣಿನ ಬಣ್ಣ ಹಳದಿ, ಅದರ ಸಂಖ್ಯೆ ಐದು. ಆದ್ದರಿಂದ ಉನ್ನತಾಧಿಕಾರಿಗಳ ಮುದ್ರೆಗಳಲ್ಲಿ ಐದು ಅಕ್ಷರಗಳಿರಬೇಕೆಂದಾಯಿತು. ಹುದ್ದೆಯ ಹೆಸರು ಚಿಕ್ಕದಾಗಿ ಅಕ್ಷರ ಸಾಲದಿದ್ದರೆ ‘ಅವರ’ ಎಂಬರ್ಥದ ಷಷ್ಠಿ ಪ್ರತ್ಯಯವೊಂದನ್ನು ನಡುವೆ ಸೇರಿಸಿ ಐದನ್ನು ತುಂಬಿಸುತ್ತಿದ್ದರು. ವಿಶ್ವದ ರಚನೆಯನ್ನು ಕುರಿತ ಸಿದ್ಧಾಂತವೊಂದು ಕಚೇರಿಯ ಮುದ್ರೆಯ ಅಕ್ಷರ ಜೋಡಣೆಗೆ ಬಂದು ಮುಟ್ಟಿದ ಇಷ್ಟು ನೇರವಾದ ನಿದರ್ಶನ ಬೇರೆಡೆ ಸಿಗುವುದು ಕಷ್ಟ.

ಲಾವೋತ್ಸೆಯನ್ನು ಮೂಲಗುರುವಾಗಿ ಕಾಣುವ ದಾವೋ ಪಂಥದವರ ಕೈಯಲ್ಲಿ ಮುದ್ರೆ ರಕ್ಷಣೆಯ ಸಾಧನವಾಯಿತು. ನಾಲ್ಕನೆಯ ಶತಮಾನದ ಗೆ ಹೋಂಗ್ ಎಂಬ ದಾವೋ ವಿದ್ವಾಂಸನು, ಹಿಂದಿನವರು ಬೆಟ್ಟಕ್ಕೆ ಹೋಗುವಾಗ ನಾಲ್ಕು ಚೀನೀ ಅಂಗುಲ ಅಗಲದ, ನೂರಿಪ್ಪತ್ತು ಅಕ್ಷರಗಳ ‘ಹಳದಿ ದೇವನ’ ಮುದ್ರೆಯನ್ನು ಧರಿಸುತ್ತಿದ್ದರೆಂದೂ, ತಂಗಿದ ಸ್ಥಳದ ನಾಲ್ಕು ದಿಕ್ಕಿಗೂ ನೂರು ಹೆಜ್ಜೆ ದೂರದಲ್ಲಿ ಅದನ್ನು ಜೇಡಿಮಣ್ಣಿನಲ್ಲಿ ಒತ್ತಿಟ್ಟರೆ ಹುಲಿ ತೋಳಗಳು ಒಳಗೆ ಬರುತ್ತಿರಲಿಲ್ಲವೆಂದೂ ಬರೆದಿದ್ದಾನೆ. ಬೌದ್ಧರಲ್ಲಿ ಬುದ್ಧ, ಧರ್ಮ, ಸಂಘ ಎಂಬ ತ್ರಿರತ್ನಗಳ ಹೆಸರಿನ ಮುದ್ರೆ ದೇವಾಲಯದ ಪತ್ರಗಳ ಮೇಲೆ ಬೀಳುತ್ತಿತ್ತು.

ವಿದ್ವಾಂಸರೇ ಮುದ್ರೆ ಕೆತ್ತಲು ತೊಡಗಿದ್ದು ಮೆತ್ತನೆಯ ಕಲ್ಲು ಬಳಕೆಗೆ ಬಂದ ಮೇಲೆ. ಕಂಚು, ಜೇಡ್‌ಗಳ ಮೇಲೆ ಕೆತ್ತಲು ಕುಶಲಕರ್ಮಿ ಬೇಕಿತ್ತು. ಹದಿನಾಲ್ಕನೆಯ ಶತಮಾನದ ಚಿತ್ರಕಾರ ವಾಂಗ್ ಮಿಯೆನ್ ಮತ್ತು ಹದಿನಾರನೆಯ ಶತಮಾನದ ವೆನ್ ಪೆಂಗ್ ಅವರಿಂದ ಕಲ್ಲಿನ ಬಳಕೆ ಹಬ್ಬಿತೆಂದು ಹೇಳುವುದು ವಾಡಿಕೆ. ಬರೆಯುವ ಕೈಯೇ ಕೆತ್ತುವ ಕೈಯೂ ಆದಾಗ ಮುದ್ರೆಯಲ್ಲಿ ವ್ಯಕ್ತಿಯ ನಂಬಿಕೆಗೆ ಜಾಗ ಸಿಕ್ಕಿತು.

ಇದಕ್ಕೆ ಅತ್ಯುತ್ತಮ ಉದಾಹರಣೆ ಝಾವೋ ಝಿಚಿಯೆನ್ (1829–1884). ಈತ ಊರಿನಿಂದ ದೂರವಿದ್ದಾಗ, ಚಿಂಗ್ ಅರಸರ ವಿರುದ್ಧ ಎದ್ದ ತೈಪಿಂಗ್ ಬಂಡಾಯದ ಯುದ್ಧದ ಗಲಭೆಯ ಕಾಲದಲ್ಲಿ, ಹೆಂಡತಿ ಮತ್ತು ಮಗಳು ತೀರಿಕೊಂಡರು. 1864ರಲ್ಲಿ ಈತ ಒಂದು ಮುದ್ರೆ ಕೆತ್ತಿದ. ಅದರ ಮುಖದ ಮೇಲೆ ‘ಸೂತ್ರಗಳನ್ನು ಉಂಡು ಆಯುಷ್ಯವನ್ನು ಪೋಷಿಸುವುದು’ ಎಂಬರ್ಥದ ನಾಲ್ಕು ಅಕ್ಷರಗಳಿವೆ. ಪಕ್ಕದ ಮುಖದಲ್ಲಿ ಒಂದು ಬುದ್ಧವಿಗ್ರಹವಿದೆ. ಅದರ ಜೊತೆಗಿನ ಬರಹದಲ್ಲಿ, ಬುದ್ಧನ ಶಿಷ್ಯನಾದ ತಾನು ತೀರಿಹೋದ ಪತ್ನಿಗಾಗಿಯೂ ಮಗಳಿಗಾಗಿಯೂ ಈ ವಿಗ್ರಹವನ್ನು ಮಾಡಿಸಿದ್ದೇನೆ, ಅವರ ಕಷ್ಟಗಳೆಲ್ಲ ನೀಗಿ ಅವರು ಸುಖಾವತಿಯಲ್ಲಿ (ಬೌದ್ಧರು ನಂಬುವ ಪರಿಶುದ್ಧ ಲೋಕದಲ್ಲಿ) ಹುಟ್ಟಲಿ ಎಂಬ ಹರಕೆಯಿದೆ. ಆ ಬರಹದ ಅಕ್ಷರಗಳು ಉಬ್ಬುಗೆತ್ತನೆಯವು. ಐದನೆಯ ಶತಮಾನದ ಕೊನೆಯಲ್ಲಿ ಲೊಂಗ್‌ಮೆನ್ ಗುಹೆಗಳಲ್ಲಿ ಬುದ್ಧವಿಗ್ರಹ ಮಾಡಿಸಿದ ದಾನಿಗಳ ಶಾಸನಗಳ ಅಕ್ಷರವಿನ್ಯಾಸವನ್ನೇ ಆತ ಬೆರಳುದ್ದದ ಕಲ್ಲಿಗೆ ತಂದಿದ್ದಾನೆ. ಗುಹೆಯ ಗೋಡೆಯಲ್ಲಿ ಮಾಡಿಸಬೇಕಾದ ಪುಣ್ಯಕಾರ್ಯವನ್ನು ಮುಷ್ಟಿಯಲ್ಲಿ ಹಿಡಿಯುವ ಕಲ್ಲಿನಲ್ಲಿ ಮಾಡಿ ಮುಗಿಸಿದ ಈ ಕೆಲಸವನ್ನು, ಮುದ್ರೆ ಕೆತ್ತನೆ ಧರ್ಮವನ್ನು ಹೇಗೆ ಹೊರಬಲ್ಲದು ಎಂದು ಕೇಳುವವರಿಗೆ ಮೊದಲು ತೋರಿಸಬೇಕು.

ಮಾತಿನ ಆಯ್ಕೆ

ಮೊದಲ ಮುದ್ರೆಗೆ ಎರಡರಿಂದ ನಾಲ್ಕು ಅಕ್ಷರಗಳ ಮಾತು ಸಾಕು. ಕನ್‌ಫ್ಯೂಷಿಯಸ್ ಪರಂಪರೆಯಿಂದ ‘ಶೆನ್ ದು’ (ಒಬ್ಬನೇ ಇರುವಾಗಲೂ ಎಚ್ಚರದಿಂದಿರುವುದು), ದಾವೋ ಪರಂಪರೆಯಿಂದ ‘ಝಿ ಝು’ (ಸಾಕೆಂಬುದನ್ನು ಬಲ್ಲವನಾಗುವುದು), ಬೌದ್ಧರಿಂದ ‘ವು ವೋ’ (ಅನಾತ್ಮ) ಇವೆಲ್ಲ ಹಿಂದಿನಿಂದಲೂ ಮುದ್ರೆಗಳಿಗೆ ಒಗ್ಗಿದ ಮಾತುಗಳು. ದಾವೋ ಪುರೋಹಿತರು ವಿಧಿಪೂರ್ವಕವಾಗಿ ಬಳಸುವ ಮುದ್ರೆಗಳನ್ನೂ ತ್ರಿರತ್ನ ಮುದ್ರೆಯನ್ನೂ ಅಲಂಕಾರಕ್ಕಾಗಿ ಕೆತ್ತಿಕೊಳ್ಳದಿರುವುದೇ ಒಳ್ಳೆಯದು. ಅವು ಇಂದಿಗೂ ಜೀವಂತವಾಗಿರುವ ಆಚರಣೆಗಳಿಗೆ ಸೇರಿದವು. ಉಡುಪಿಯ ಮಠಗಳಲ್ಲಿ ಮುದ್ರಾಧಾರಣೆಗೆ ಬಳಸುವ ಶಂಖಚಕ್ರಗಳನ್ನು ಯಾರೋ ಮೇಜಿನ ಮೇಲಿನ ಅಲಂಕಾರದ ವಸ್ತುವಾಗಿ ಮಾಡಿಕೊಂಡರೆ ನಮಗೆ ಏನನ್ನಿಸುತ್ತದೋ ಅದೇ ಇಲ್ಲಿಯೂ ಅನ್ವಯಿಸುತ್ತದೆ.

ಮಾತು ಸುಂದರವಾಗಿದ್ದರೆ ಸಾಲದು, ಆ ಮಾತನ್ನು ಚಾಣವೂ ಪಾಲಿಸುವಂತಿರಬೇಕು ಎಂಬುದು ನನ್ನ ಅಭಿಪ್ರಾಯ. ಮುದ್ರೆಯಲ್ಲಿ ಕೆತ್ತಿದ್ದು ಮತ್ತು ಕೆತ್ತದೆ ಬಿಟ್ಟದ್ದು ಎರಡಕ್ಕೂ ಒಂದೇ ಬೆಲೆ. ಆದ್ದರಿಂದ ಇರುವುದು ಮತ್ತು ಇಲ್ಲದಿರುವುದರ ಸಂಬಂಧವನ್ನೇ ಕುರಿತು ಹೇಳುವ ಮಾತನ್ನು ಆರಿಸಿಕೊಂಡರೆ ತತ್ತ್ವವು ಬರಹದಲ್ಲಿ ಉಳಿಯದೆ ರಚನೆಗೂ ಇಳಿಯುತ್ತದೆ. ಲಾವೋತ್ಸೆಯದೆಂದು ಪರಂಪರೆ ಹೇಳುವ ‘ದಾವೋ ದೆ ಜಿಂಗ್’ ಗ್ರಂಥದ 28ನೆಯ ಅಧ್ಯಾಯದಲ್ಲಿ ‘ಬಿಳಿಯನ್ನು ಅರಿತು ಕಪ್ಪನ್ನು ಕಾಯ್ದುಕೊಳ್ಳುವವನು ಲೋಕಕ್ಕೆ ಮಾದರಿಯಾಗುತ್ತಾನೆ’ ಎಂಬ ಮಾತಿದೆ. ಅದನ್ನು ನಾಲ್ಕಕ್ಷರಕ್ಕೆ ಇಳಿಸಿದ ರೂಪ ‘ಝಿ ಬಾಯ್ ಶೋ ಹೇಯ್’: ಅರಿ, ಬಿಳಿ, ಕಾಯಿ (ಕಾಯ್ದುಕೋ), ಕಪ್ಪು. ಮುಂದಿನ ಹಂತಗಳನ್ನೆಲ್ಲ ಈ ಮಾತನ್ನು ಇಟ್ಟುಕೊಂಡೇ ವಿವರಿಸಲಾಗಿದೆ.

ಕಲ್ಲು ಮತ್ತು ಸಲಕರಣೆ

ಝೆಜಿಯಾಂಗ್ ಪ್ರಾಂತದ ಚಿಂಗ್‌ತಿಯೆನ್ ಕಲ್ಲು ಕಲಿಯುವವರಿಗೆ ಅತ್ಯಂತ ಅನುಕೂಲಕರ. ಅದು ಚಾಣಕ್ಕೆ ಗರಿಗರಿಯಾಗಿ ಬಿಟ್ಟುಕೊಡುತ್ತದೆ, ಅಂಚು ಉದುರುವುದಿಲ್ಲ, ಸಾದಾ ದರ್ಜೆಯದಕ್ಕೆ ಬೆಲೆಯೂ ಕಡಿಮೆ. ಫೂಜಿಯನ್ ಪ್ರಾಂತದ ಶೌಶಾನ್ ಕಲ್ಲು ಸ್ವಲ್ಪ ಜಿಡ್ಡುಜಿಡ್ಡಾಗಿ ನಯವಾಗಿರುತ್ತದೆ. ಇಂಗಳೀಕದ ಕೆಂಪು ಕಲೆಗಳಿರುವ ಚಾಂಗ್‌ಹ್ವಾದ ‘ಕೋಳಿರಕ್ತ’ದ ಕಲ್ಲು ಸಂಗ್ರಾಹಕರ ವಸ್ತು, ಅಭ್ಯಾಸಕ್ಕಲ್ಲ. ನಮ್ಮ ಬೇಲೂರು ಹಳೇಬೀಡುಗಳ ಶಿಲ್ಪಕ್ಕೆ ಒದಗಿದ ಬಳಪದ ಕಲ್ಲನ್ನೂ ಅಭ್ಯಾಸಕ್ಕೆ ಬಳಸಬಹುದು, ಆದರೆ ಅದರ ಪದರುಗಳು ಎದ್ದುಬರುವುದರಿಂದ ಕೂದಲೆಳೆಯಂಥ ಗೆರೆಗಳು ನಿಲ್ಲುವುದಿಲ್ಲ.

ಅಳತೆಯ ವಿಷಯದಲ್ಲಿ ಹಾನ್ ಕಾಲದ ಅಧಿಕಾರಿಗಳ ಮುದ್ರೆಯೇ ಒಳ್ಳೆಯ ಮಾದರಿ. ಅದು ಆ ಕಾಲದ ಒಂದು ಅಂಗುಲ, ಅಂದರೆ ಸುಮಾರು 2.3 ಸೆಂ.ಮೀ. ಚೌಕವಾಗಿರುತ್ತಿತ್ತು. ಅಷ್ಟೇ ಅಗಲದ, ಐದು ಸೆಂಟಿಮೀಟರಿನಷ್ಟು ಎತ್ತರದ ಕಲ್ಲನ್ನು ತೆಗೆದುಕೊಳ್ಳಿ. ಕೊಳ್ಳುವಾಗ ಕಲ್ಲನ್ನು ನೀರಿನಲ್ಲಿ ಅದ್ದಿ ನೋಡಿದರೆ ಬಿರುಕುಗಳು ಗೆರೆಯಾಗಿ ಕಾಣಿಸುತ್ತವೆ.

ಚಾಣವು ಎರಡೂ ಕಡೆಯಿಂದ ಸಮನಾಗಿ ಸಾಣೆ ಹಿಡಿದ, ನೇರ ಅಂಚಿನ, ಆರರಿಂದ ಎಂಟು ಮಿಲಿಮೀಟರ್ ಅಗಲದ್ದಾಗಿರಲಿ. ಮರಗೆಲಸದ ಉಳಿಯಂತೆ ಒಂದೇ ಕಡೆ ಇಳಿಜಾರಿರುವುದು ಇದಕ್ಕೆ ಒಗ್ಗುವುದಿಲ್ಲ. ಇದರ ಜೊತೆಗೆ ಬೇಕಾದವು ದಪ್ಪ ಗಾಜಿನ ತುಂಡು, 240ರಿಂದ 1000ದವರೆಗಿನ ಸ್ಯಾಂಡ್‌ಪೇಪರ್, ಸಣ್ಣ ಕುಂಚ, ಕಪ್ಪು ಶಾಯಿ, ತೆಳು ಕಾಗದ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಕನ್ನಡಿ. ಕಲ್ಲನ್ನು ಕಚ್ಚಿ ಹಿಡಿಯುವ ಮರದ ‘ಮುದ್ರೆಯ ಮಂಚ’ ಸಿಕ್ಕರೆ ಬೆರಳುಗಳಿಗೆ ಕ್ಷೇಮ. ಅನುಭವಿಗಳು ಕಲ್ಲನ್ನು ಕೈಯಲ್ಲೇ ಹಿಡಿದು ಕೆತ್ತುತ್ತಾರೆ.

ಕೆಂಪು ಲೇಪದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ರಬ್ಬರ್ ಸ್ಟ್ಯಾಂಪಿನ ಶಾಯಿಪ್ಯಾಡ್ ಇಲ್ಲಿ ಕೆಲಸಕ್ಕೆ ಬಾರದು. ಸಾಂಪ್ರದಾಯಿಕ ಲೇಪವನ್ನು ಇಂಗಳೀಕದ ಪುಡಿ, ಹಳೆಯದಾಗಿಸಿದ ಹರಳೆಣ್ಣೆ, ಮತ್ತು ಮಾಚಿಪತ್ರೆಯ ಜಾತಿಯ ಗಿಡವೊಂದರ ನಾರು ಅಥವಾ ರೇಷ್ಮೆ ಎಳೆಗಳನ್ನು ಸೇರಿಸಿ ಅರೆದು ಮಾಡುತ್ತಾರೆ. ಇಂಗಳೀಕವು ಪಾದರಸ ಮತ್ತು ಗಂಧಕದ ಸಂಯುಕ್ತ; ದಾವೋ ರಸವಾದಿಗಳು ಅಮರತ್ವದ ಮದ್ದಿಗೆ ಬಳಸುತ್ತಿದ್ದುದೂ, ಮಂತ್ರಪತ್ರಗಳನ್ನು ಬರೆಯಲು ಬಳಸುತ್ತಿದ್ದುದೂ ಇದನ್ನೇ. ಅಮರತ್ವದ ಮಾತು ಹಾಗಿರಲಿ, ಇದು ವಿಷ. ಕೈಗೆ ಹತ್ತಿದರೆ ಸೋಪಿನಿಂದ ತೊಳೆದುಕೊಳ್ಳಬೇಕು, ಬಿಸಿ ಮಾಡಬಾರದು, ಮಕ್ಕಳ ಕೈಗೆ ಎಟುಕದಂತೆ ಪಿಂಗಾಣಿ ಡಬ್ಬಿಯಲ್ಲಿ ಮುಚ್ಚಿಡಬೇಕು. ಮಕ್ಕಳಿರುವ ಮನೆಯಲ್ಲಿ ಇಂಗಳೀಕವಿಲ್ಲದ ಬಣ್ಣದ ಲೇಪವನ್ನೇ ತರುವುದು ವಾಸಿ.

ಮುಖವನ್ನು ಸಮ ಮಾಡುವುದು

ಸ್ಯಾಂಡ್‌ಪೇಪರನ್ನು ಗಾಜಿನ ಮೇಲಿಟ್ಟು, ಒಂದಿಷ್ಟು ನೀರು ಚಿಮುಕಿಸಿ, ಕಲ್ಲನ್ನು ನೆಟ್ಟಗೆ ಹಿಡಿದು ವೃತ್ತಾಕಾರವಾಗಿ ಉಜ್ಜಿ. ಆಗಾಗ ಕಲ್ಲನ್ನು ಕಾಲುಸುತ್ತು ತಿರುಗಿಸಿಕೊಳ್ಳದಿದ್ದರೆ ಒಂದು ಬದಿ ಹೆಚ್ಚು ಸವೆಯುತ್ತದೆ. ಒಣದಾಗಿ ಉಜ್ಜಿದರೆ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಗಾಜಿನ ಮೇಲೆ ಇಟ್ಟು ಅಲುಗಾಡಿಸಿದಾಗ ಕಲ್ಲು ಕುಲುಕದಿದ್ದರೆ ಮುಖ ಸಮವಾಗಿದೆ.

ಅಕ್ಷರವಿನ್ಯಾಸ: ಕೆಲಸದ ಮುಕ್ಕಾಲು ಪಾಲು

ಮುದ್ರೆಯಲ್ಲಿ ಬಳಸುವುದು ಇಂದಿನ ಚೀನೀ ಬರಹವಲ್ಲ, ಚಿನ್ ಮತ್ತು ಹಾನ್ ಕಾಲದ ಮುದ್ರಾಲಿಪಿ. ಮುದ್ರಾಲಿಪಿಯ ನಿಘಂಟಿನಲ್ಲಿ, ಅಥವಾ ಅಂತರಜಾಲದ ಅಕ್ಷರಕೋಶಗಳಲ್ಲಿ, ನಾಲ್ಕೂ ಅಕ್ಷರಗಳ ಒಂದೇ ಕಾಲದ ರೂಪಗಳನ್ನು ಹುಡುಕಿ ತೆಗೆಯಬೇಕು. ಒಂದಕ್ಕೆ ಹಾನ್ ರೂಪ, ಇನ್ನೊಂದಕ್ಕೆ ಕಂಚಿನ ಪಾತ್ರೆಗಳ ಹಳೆಯ ರೂಪ ಎಂದು ಬೆರೆಸಿದರೆ ಬಲ್ಲವರ ಕಣ್ಣಿಗೆ ಹಳಗನ್ನಡದ ಸಾಲಿನ ನಡುವೆ ಇಂಗ್ಲಿಷ್ ಪದ ಬಂದಂತೆ ಕುಕ್ಕುತ್ತದೆ.

ರೂಪಗಳ ಒಡಲನ್ನು ಅರಿತರೆ ಕೆತ್ತುವಾಗ ಗೆರೆ ತಪ್ಪುವುದಿಲ್ಲ. ಎರಡನೆಯ ಶತಮಾನದ ಆರಂಭದ ಕೋಶಕಾರ ಶೂ ಶೆನ್‌ನ ವಿವರಣೆಯಂತೆ, ‘ಅರಿ’ ಎಂಬುದು ಬಾಣ ಮತ್ತು ಬಾಯಿ ಸೇರಿದ ಅಕ್ಷರ. ‘ಕಾಯಿ’ ಎಂಬುದರಲ್ಲಿ ಮೇಲೆ ಮನೆಯ ಮಾಡು, ಕೆಳಗೆ ಅಂಗುಲದ ಚಿಹ್ನೆ. ಆ ಅಂಗುಲ ಕಟ್ಟುಪಾಡಿನ ಸೂಚನೆ ಎನ್ನುತ್ತಾನೆ ಆತ. ‘ಕಪ್ಪು’ ಬೆಂಕಿಯ ಹೊಗೆ ಹಿಡಿದ ಬಣ್ಣ: ಕೆಳಗೆ ಒಂದರ ಮೇಲೊಂದು ಎರಡು ಉರಿಗಳು, ಮೇಲೆ ಹೊಗೆಗಂಡಿ. ‘ಬಿಳಿ’ಯೋ ಒಂದು ಆವರಣ, ಒಳಗೆ ಅಡ್ಡಗೆರೆ, ಅಷ್ಟೇ.

ಓದುವ ಕ್ರಮ ಬಲಗಡೆಯ ಕಂಬಸಾಲಿನಿಂದ ಆರಂಭವಾಗುತ್ತದೆ. ಬಲಗಡೆ ಮೇಲೆ ‘ಅರಿ’, ಅದರ ಕೆಳಗೆ ‘ಬಿಳಿ’. ಎಡಗಡೆ ಮೇಲೆ ‘ಕಾಯಿ’, ಅದರ ಕೆಳಗೆ ‘ಕಪ್ಪು’. ಹೀಗಾಗಿ ಕೆಳಸಾಲಿನಲ್ಲಿ ಅತಿ ಕಡಿಮೆ ಗೆರೆಗಳ ‘ಬಿಳಿ’ಯೂ ಅತಿ ಹೆಚ್ಚು ಗೆರೆಗಳ ‘ಕಪ್ಪೂ’ ಪಕ್ಕಪಕ್ಕದಲ್ಲಿ ಬಂದು ಕೂರುತ್ತವೆ. ಹೊಸಬರು ಇಲ್ಲಿ ಸಾಮಾನ್ಯವಾಗಿ ‘ಬಿಳಿ’ಯನ್ನು ಹಿಗ್ಗಿಸಿ, ‘ಕಪ್ಪ’ನ್ನು ಕುಗ್ಗಿಸಿ, ಎಲ್ಲೆಡೆ ಒಂದೇ ಸಾಂದ್ರತೆ ಬರುವಂತೆ ಮಾಡಲು ಹೋಗುತ್ತಾರೆ. ಹಾಗೆ ಮಾಡಬಾರದು. ವಿರಳವಾದ ಕಡೆ ಕುದುರೆ ಓಡಾಡುವಷ್ಟು ಜಾಗವಿರಲಿ, ದಟ್ಟವಾದ ಕಡೆ ಗಾಳಿಯೂ ನುಸುಳದಿರಲಿ ಎಂಬ ಮಾತು ದೆಂಗ್ ಶಿರು (1743–1805) ಎಂಬ ಮಹಾನ್ ಕೆತ್ತನೆಗಾರನ ಹೆಸರಿನಲ್ಲಿ ನಡೆದುಬಂದಿದೆ; ಬರೆಯದ ಜಾಗವನ್ನೂ ಬರೆದದ್ದೆಂದೇ ಲೆಕ್ಕ ಹಿಡಿಯಬೇಕು ಎಂಬುದು ಆತನದೇ ಇನ್ನೊಂದು ಸೂತ್ರ.

ಈಗ ತೀರ್ಮಾನಿಸಬೇಕಾದದ್ದು ಅಕ್ಷರ ಬಿಳಿಯದೋ ಕೆಂಪಿನದೋ ಎಂಬುದನ್ನು. ಅಕ್ಷರವನ್ನೇ ತೋಡಿ ತೆಗೆದರೆ ಕಾಗದದ ಮೇಲೆ ಕೆಂಪು ನೆಲದಲ್ಲಿ ಬಿಳಿ ಅಕ್ಷರ ಮೂಡುತ್ತದೆ. ಇದನ್ನು ಯಿನ್ ಕೆತ್ತನೆ ಎನ್ನುತ್ತಾರೆ. ಸುತ್ತಲಿನ ಕಲ್ಲನ್ನು ತೆಗೆದು ಅಕ್ಷರವನ್ನು ಉಳಿಸಿದರೆ ಬಿಳಿ ನೆಲದಲ್ಲಿ ಕೆಂಪು ಅಕ್ಷರ, ಇದು ಯಾಂಗ್. ಮೊದಲ ಕೆಲಸಕ್ಕೆ ಯಿನ್ ಸುಲಭ, ಮತ್ತು ಈ ಮಾತಿಗೆ ಅದೇ ತಕ್ಕದ್ದು. ಯಿನ್ ಕೆತ್ತನೆಯಲ್ಲಿ ‘ಬಿಳಿ’ ಎಂಬ ಅಕ್ಷರಕ್ಕೆ ಗೆರೆಗಳು ಕಡಿಮೆಯಾದ್ದರಿಂದ ಅದರ ಸುತ್ತ ಕೆತ್ತದೆ ಉಳಿದ ಕಲ್ಲು ಹೆಚ್ಚು. ಒತ್ತಿದಾಗ ಇಡೀ ಮುದ್ರೆಯಲ್ಲಿ ಅತ್ಯಂತ ಗಾಢವಾಗಿ ಬಣ್ಣ ಹಿಡಿಯುವುದು ಆ ಭಾಗವೇ. ಕೆತ್ತನೆಗಾರರು ಇದನ್ನು ‘ಕೆಂಪು ಉಳಿಸುವುದು’ ಎನ್ನುತ್ತಾರೆ. ‘ಕಪ್ಪು’ ಎಂಬ ಅಕ್ಷರವಾದರೋ ಗೆರೆಗಳಿಂದ ಕಿಕ್ಕಿರಿದು ಅತ್ಯಂತ ಬೆಳ್ಳಗೆ ಬರುತ್ತದೆ. ಬಿಳಿಯೆಂಬ ಮಾತು ಬಣ್ಣದಲ್ಲಿ ಮುಳುಗಿ, ಕಪ್ಪೆಂಬ ಮಾತು ಬಿಳುಪಾಗಿ ತೋರುವ ಈ ಅದಲುಬದಲು ಲಾವೋತ್ಸೆಯ ಅಧ್ಯಾಯಕ್ಕೆ ಬರೆದ ಯಾವ ವ್ಯಾಖ್ಯಾನಕ್ಕೂ ಕಡಿಮೆಯಿಲ್ಲವೆಂದು ನನಗೆ ತೋರುತ್ತದೆ.

ಕಾಗದದ ಮೇಲೆ ಕಲ್ಲಿನ ಅಳತೆಯ ಚೌಕಗಳನ್ನು ಎಳೆದುಕೊಂಡು ಹಲವು ಕರಡುಗಳನ್ನು ಮಾಡಿ. ಅಂಚಿನಲ್ಲಿ ಒಂದೂವರೆಯಿಂದ ಎರಡು ಮಿಲಿಮೀಟರ್ ಬಿಡಿ. ಕರಡನ್ನು ಗೋಡೆಗೆ ಅಂಟಿಸಿ ದೂರದಿಂದ ನೋಡಿದಾಗ ಕಣ್ಣು ‘ಬಿಳಿ’ಯ ಪಕ್ಕದ ಖಾಲಿಗೆ ಹೋಗಿ ನಿಂತರೆ ವಿನ್ಯಾಸ ಸರಿಯಾಗಿದೆ.

ಕಲ್ಲಿಗೆ ವರ್ಗಾಯಿಸುವುದು

ಕಲ್ಲಿನ ಮೇಲೆ ಅಕ್ಷರಗಳು ಕನ್ನಡಿಯ ಪ್ರತಿಬಿಂಬದಂತೆ ತಿರುಗುಮುರುಗಾಗಿರಬೇಕು. ಅಂತಿಮ ಕರಡನ್ನು ತೆಳು ಕಾಗದದ ಮೇಲೆ, ನೀರು ತಾಗಿದರೆ ಬಿಡುವಂಥ ಗಟ್ಟಿ ಶಾಯಿಯಿಂದ ಬರೆದು ಒಣಗಿಸಿ. ಅದನ್ನು ಕಲ್ಲಿನ ಮೇಲೆ ಬೋರಲಾಗಿಟ್ಟು, ಒದ್ದೆ ಕುಂಚದಿಂದ ತೇವ ಮಾಡಿ, ಹೆಚ್ಚಿನ ನೀರನ್ನು ಇನ್ನೊಂದು ಕಾಗದದಿಂದ ಹೀರಿ ತೆಗೆದು, ಚಮಚದ ಬೆನ್ನಿನಿಂದ ಒತ್ತಿ ಉಜ್ಜಿ. ಕಾಗದ ಎತ್ತಿದಾಗ ಶಾಯಿ ಕಲ್ಲಿಗೆ ಇಳಿದಿರುತ್ತದೆ. ಮಸುಕಾದ ಗೆರೆಗಳನ್ನು ಕುಂಚದಿಂದ ತಿದ್ದಿ, ಕನ್ನಡಿಯಲ್ಲಿ ಒಮ್ಮೆ ಓದಿ ನೋಡಿ. ಆಮೇಲೆ ಸರಿಪಡಿಸಲಾಗದ ಏಕೈಕ ತಪ್ಪು ಇಲ್ಲಿ ಆಗುವಂಥದ್ದು.

ಕೆತ್ತನೆ

ಚಾಣದ ನಡೆಗಳು ಮುಖ್ಯವಾಗಿ ಎರಡು. ‘ಚೋಂಗ್’ ನಡೆಯಲ್ಲಿ ಚಾಣದ ಒಂದು ಮೂಲೆಯನ್ನು ಕಲ್ಲಿಗೆ ಊರಿ, ಓರೆಯಾಗಿ ಹಿಡಿದು, ತಡೆಯಿಲ್ಲದೆ ಮುಂದಕ್ಕೆ ನೂಕುತ್ತಾರೆ; ಗೆರೆ ನುಣುಪಾಗಿ ಹರಿಯುತ್ತದೆ. ‘ಚಿಯೆ’ ನಡೆಯಲ್ಲಿ ಅಂಚನ್ನು ಊರಿ ಒತ್ತುತ್ತ, ಚಿಕ್ಕಚಿಕ್ಕ ಕಡಿತಗಳನ್ನು ಒಂದಕ್ಕೊಂದು ಸೇರಿಸುತ್ತ ಹೋಗುತ್ತಾರೆ. ಗೆರೆಯ ಅಂಚು ತುಸು ಒರಟಾಗಿ, ಹಳೆಯ ಕಂಚಿನ ಮುದ್ರೆಯ ಸವೆತವನ್ನು ಹೋಲುತ್ತದೆ. ಹಾಂಗ್‌ಝೌವಿನ ದಿಂಗ್ ಜಿಂಗ್ (1695–1765) ಆರಂಭಿಸಿದ ಪಂಥದ ಕೈಗುರುತು ಎರಡನೆಯದು. ಹೊಸಬರಿಗೆ ಚಾಣ ಜಾರುವ ಭಯ ಕಡಿಮೆಯಿರುವುದರಿಂದ ‘ಚಿಯೆ’ಯಿಂದಲೇ ಆರಂಭಿಸುವುದು ಉಚಿತ.

ಗೆರೆಯ ಶಾಯಿಯ ಒಳಅಂಚಿಗೆ ಚಾಣವಿಟ್ಟು ಒಂದು ಬದಿಯನ್ನು ಕಡಿಯಿರಿ. ಕಲ್ಲನ್ನು ಅರ್ಧಸುತ್ತು ತಿರುಗಿಸಿ ಇನ್ನೊಂದು ಬದಿಯಿಂದ ಕಡಿದರೆ ನಡುವಿನ ಕಲ್ಲು ಪುಡಿಯಾಗಿ ಎದ್ದು, ಇಳಿಜಾರಾದ ಎರಡು ಗೋಡೆಗಳ ಕಾಲುವೆ ಉಳಿಯುತ್ತದೆ. ಆಳ ಒಂದು ಮಿಲಿಮೀಟರಿನಷ್ಟಿದ್ದರೆ ಸಾಕು. ಮೊದಲು ಅಡ್ಡಗೆರೆಗಳನ್ನೆಲ್ಲ ಮುಗಿಸಿ, ಕಲ್ಲನ್ನು ಕಾಲುಸುತ್ತು ತಿರುಗಿಸಿ, ಆಮೇಲೆ ಕಂಬಗೆರೆಗಳಿಗೆ ಹೋದರೆ ಕೈಯ ಕೋನ ಬದಲಾಗುವುದಿಲ್ಲ. ಚಾಣ ಹಿಡಿದ ಕೈಯ ಉಂಗುರದ ಬೆರಳು ಯಾವಾಗಲೂ ಕಲ್ಲಿನ ಬದಿಗೆ ಆನಿಕೊಂಡಿರಬೇಕು. ಜಾರುವ ಚಾಣವನ್ನು ತಡೆಯುವುದು ಅದೊಂದೇ. ಪುಡಿಯನ್ನು ಬಾಯಿಂದ ಊದಬೇಡಿ, ಬ್ರಷ್ಷಿನಿಂದ ಗುಡಿಸಿ.

‘ಕಪ್ಪ’ನ್ನು ಮೊದಲು ಕೆತ್ತಿ, ‘ಬಿಳಿ’ಯನ್ನು ಕೊನೆಗೆ ಇಟ್ಟುಕೊಳ್ಳಿ. ದಟ್ಟವಾದ ಅಕ್ಷರದಲ್ಲಿ ಎರಡು ಗೆರೆಗಳ ನಡುವಿನ ತೆಳು ಗೋಡೆ ಅಲ್ಲಲ್ಲಿ ಮುರಿದು, ಬಿಳಿ ಬಿಳಿಯೊಂದಿಗೆ ಕೂಡಿಕೊಳ್ಳುವುದುಂಟು. ಒಂದೆರಡು ಕಡೆ ಹಾಗಾದರೆ ಅದನ್ನು ಹಾಗೆಯೇ ಬಿಡಬೇಕು. ಲೋಹದ ಹಳೆಯ ಮುದ್ರೆಗಳಲ್ಲಿಯೂ ಸವೆದು ಕೂಡಿಕೊಂಡ ಗೆರೆಗಳು ಇದ್ದೇ ಇವೆ, ಮತ್ತು ಮಹಾಕೌಶಲ ಒಡ್ಡೊಡ್ಡಾಗಿ ಕಾಣುತ್ತದೆ ಎಂದು ಲಾವೋತ್ಸೆಯೇ 45ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಆದರೆ ಬೇಕೆಂದೇ ಎಲ್ಲೆಡೆ ಮುರಿದು ಹಳೆಯದರಂತೆ ತೋರಿಸಹೊರಟರೆ ಅದು ವೇಷವಾಗುತ್ತದೆ. ಕೊನೆಗೆ ಅಂಚು ತೀರ ನೇರವಾಗಿ ಕಂಡರೆ ಚಾಣದ ಹಿಡಿಯಿಂದ ಒಂದೆರಡು ಕಡೆ ಹಗುರವಾಗಿ ಕುಟ್ಟಬಹುದು.

ಒತ್ತುವುದು, ತಿದ್ದುವುದು

ಮುದ್ರೆಯನ್ನು ಲೇಪದೊಳಗೆ ಅದ್ದಬಾರದು. ಮುದ್ರೆಯ ಮುಖದಿಂದ ಲೇಪವನ್ನು ಹಗುರವಾಗಿ, ಹಲವು ಸಲ, ತಟ್ಟುತ್ತ ಹೋದರೆ ಬಣ್ಣ ಸಮನಾಗಿ ಹತ್ತುತ್ತದೆ. ಕಾಗದದ ಕೆಳಗೆ ನಾಲ್ಕೈದು ಹಾಳೆಗಳನ್ನಿಟ್ಟು, ನೆಟ್ಟಗೆ ಒತ್ತಿ, ನಾಲ್ಕು ಮೂಲೆಗಳಿಗೂ ಭಾರ ಬಿಟ್ಟು, ಒಂದು ಅಂಚಿನಿಂದ ಎತ್ತಿ. ಮೊದಲ ಒತ್ತಿನಲ್ಲಿ ಕಾಣುವ ಕೊರತೆಗಳಲ್ಲಿ ಎದ್ದುಕಾಣುವ ಎರಡು ಮೂರನ್ನು ಮಾತ್ರ ತಿದ್ದಿ. ತಿದ್ದುತ್ತ ಹೋದಂತೆ ಯಿನ್ ಅಕ್ಷರ ದಪ್ಪವಾಗುತ್ತದೆಯೇ ಹೊರತು ತೆಳ್ಳಗಾಗಲಾರದು.

ಬದಿಬರಹ

ಮುದ್ರೆಯನ್ನು ಕೈಯಲ್ಲಿ ಹಿಡಿದಾಗ ಎಡಬದಿಗೆ ಬರುವ ಮುಖದಲ್ಲಿ ಕೆತ್ತಿದವರ ಹೆಸರು, ವರ್ಷ, ಯಾರಿಗಾಗಿ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಕೆತ್ತುವ ಪದ್ಧತಿಯಿದೆ. ಇದನ್ನು ತಿರುವುಮುರುವಾಗಿಸದೆ ನೇರವಾಗಿ, ಒಂದು ಗೆರೆಗೆ ಒಂದೇ ಕಡಿತದಂತೆ ಕೆತ್ತುತ್ತಾರೆ. ಮುಖದ ಮೇಲಿನ ಸೂತ್ರ ಎಲ್ಲರದು, ಬದಿಯ ಬರಹ ಕೆತ್ತಿದವನದು. ಝಾವೋ ತನ್ನ ಹರಕೆಯನ್ನು ಇಟ್ಟದ್ದು ಇಲ್ಲಿಯೇ. ಕನ್ನಡದವರು ಇಲ್ಲಿ ಕನ್ನಡದಲ್ಲೇ ಬರೆಯಬಹುದು. ಗುಂಡಗಿನ ಅಕ್ಷರಗಳಿಗೆ ನೇರ ಅಂಚಿನ ಚಾಣ ಸುಲಭವಾಗಿ ಒಗ್ಗುವುದಿಲ್ಲವಾದ್ದರಿಂದ ಹಳೆಯ ಶಾಸನಗಳ ಕೋನವುಳ್ಳ ಅಕ್ಷರರೂಪವನ್ನು ನೋಡಿಕೊಳ್ಳುವುದು ಅನುಕೂಲ.

ಬಳಕೆ ಮತ್ತು ಪಾಲನೆ

ತತ್ತ್ವವಾಕ್ಯದ ಮುದ್ರೆಯನ್ನು ಕೈಬರಹದ ಹಾಳೆಯ ಬಲಮೇಲ್ಭಾಗದಲ್ಲಿ, ಬರಹ ಆರಂಭವಾಗುವ ಕಡೆ, ಇಲ್ಲವೇ ಚಿತ್ರದ ಕೆಳಮೂಲೆಯಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಭಾರ ಕೊಡುವಂತೆ ಒತ್ತುತ್ತಾರೆ. ಉದ್ದನೆಯ ಮುದ್ರೆ ಮೇಲ್ಭಾಗಕ್ಕೆ, ಚೌಕದ್ದು ಮೂಲೆಗೆ ಹೊಂದುವುದರಿಂದ ನಮ್ಮ ಈ ಮುದ್ರೆ ಮೂಲೆಯದು. ಸಹಿಯ ಕೆಳಗೆ ಬರಬೇಕಾದದ್ದು ಹೆಸರಿನ ಮುದ್ರೆಯೇ.

ಬಳಸಿದ ಮೇಲೆ ಮುಖವನ್ನು ಮೆತ್ತನೆಯ ಬಟ್ಟೆಯಿಂದ ಒರೆಸದಿದ್ದರೆ ಲೇಪ ಗೆರೆಗಳಲ್ಲಿ ಗಟ್ಟಿಯಾಗುತ್ತದೆ. ಲೇಪವನ್ನೂ ಆಗಾಗ ಮೂಳೆ ಅಥವಾ ಕೊಂಬಿನ ಕಡ್ಡಿಯಿಂದ ಒಂದೇ ದಿಕ್ಕಿಗೆ ತಿರುವುತ್ತಿರಬೇಕು. ಬಿಟ್ಟರೆ ಎಣ್ಣೆ ಮೇಲೆ ಬಂದು ಇಂಗಳೀಕ ಕೆಳಗೆ ಕೂರುತ್ತದೆ. ಮುದ್ರೆ ಮನಸ್ಸಿಗೆ ಬಾರದಿದ್ದರೆ ಮುಖವನ್ನು ಸ್ಯಾಂಡ್‌ಪೇಪರಿನ ಮೇಲೆ ಸವೆಸಿ ಮತ್ತೆ ಕೆತ್ತಬಹುದು. ಒಂದು ಸಲ ಸವೆಸುವುದಕ್ಕೆ ಹೋಗುವುದು ಒಂದೂವರೆ ಮಿಲಿಮೀಟರಿಗಿಂತ ಕಡಿಮೆ, ಕಲ್ಲಿಗೆ ಇನ್ನೊಂದು ತುದಿಯೂ ಇದೆ. ಆದ್ದರಿಂದ ಅಭ್ಯಾಸದ ಅವಧಿಯಲ್ಲಿ ಕಲ್ಲುಗಳನ್ನು ಕೊಂಡು ಗುಡ್ಡೆ ಹಾಕುವುದಕ್ಕಿಂತ ಇರುವ ಎರಡು ಮೂರನ್ನೇ ಸವೆಸುತ್ತ ಹೋಗುವುದು ಮೇಲು. ಸವೆಸುವ ಮೊದಲು ಪ್ರತಿಯೊಂದರ ಒತ್ತನ್ನೂ ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ತೆಗೆದಿಟ್ಟುಕೊಳ್ಳಿ.